ಸ್ಲೈಡ್ ಕೊಯ್ಯುವ ಮುಂಚೆ ಒಂದ್ನಿಮಿಷ

 

ಇವತ್ತಿನ ಮಾತು ಪಿಸ್ತೂಲಿನ ಬಗ್ಗೆ. ಗಾಬರಿ ಬೇಡ, ಕ್ರೈಂ ಸ್ಟೋರಿ ಅಲ್ಲ. ಆದರೆ ಸ್ವಲ್ಪದರಲ್ಲಿ ಆಗಿಬಿಡ್ತಿತ್ತು, ಅದೂ ನಮ್ಮ ಮನೆಯಲ್ಲೇ. ಅದಕ್ಕೇ ಹೇಳ್ತಾ ಇದ್ದೇನೆ.

ಕಳೆದ ತಿಂಗಳು ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ದರು. ಬ್ರಹ್ಮಾವರ ಕಡೆಯ ಹುಡುಗ. "ಅಣ್ಣ, ರೀಲ್ಸಲ್ಲಿ ಕಾಣ್ತೆ, ಪಿಸ್ತೂಲಿನ ಸ್ಲೈಡ್ ಕೊಯ್ದು ತೂತು ಮಾಡಿ ಮೇಲೆ ರೆಡ್ ಡಾಟ್ ಕೂರಿಸ್ತಾರೆ, ಆಮೇಲೆ ಪಟಪಟ ಅಂತ ಹೊಡೀತಾರೆ. ಕಾಂಪಿಟಿಷನ್ನಿಗೆ ಹಾಗೆ ಮಾಡ್ಕಂಬುದು ನಮ್ಮಲ್ಲಿ ಆತ್ತಾ?" ಅಂತ. ಆ ಪ್ರಶ್ನೆ ಕೇಳಿ ನಾನು ನಗಲಿಲ್ಲ. ಯಾಕಂದರೆ ಅದೇ ಪ್ರಶ್ನೆ ಹಿಡ್ಕೊಂಡು ನನ್ನ ಬಾವ, ಅಂದರೆ ಸೋದರಮಾವನ ಮಗ, ಎರಡು ವರ್ಷದ ಹಿಂದೆ ಕುಂದಾಪುರದ ಒಂದು ಲೇತ್ ಅಂಗಡಿ ಬಾಗಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ನಾನೂ ಇದ್ದೆ.

ಮೊದಲು ಸ್ಲೈಡ್ ಅಂದರೆ ಎಂತ ಅಂತ ನೋಡುವ. ಸಿನಿಮಾದಲ್ಲಿ ಹೀರೋ ಪಿಸ್ತೂಲ್ ತೆಗೆದು "ಚಕ್-ಚಕ್" ಅಂತ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದು ಬಿಡ್ತಾನಲ್ಲ, ಆ ಉದ್ದದ ಉಕ್ಕಿನ ತುಂಡೇ ಸ್ಲೈಡ್. ಗುಂಡು ಹಾರಿದ ಕೂಡಲೇ ಅದು ತಾನಾಗಿ ಹಿಂದಕ್ಕೆ ಜಾರುತ್ತದೆ, ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ, ಸ್ಪ್ರಿಂಗಿನ ಬಲದಿಂದ ವಾಪಸ್ ಮುಂದೆ ಬರುವಾಗ ಮ್ಯಾಗಜಿನ್‌ನಿಂದ ಇನ್ನೊಂದು ತೋಟೆಯನ್ನು ತಳ್ಳಿಕೊಂಡು ಬಂದು ನಳಿಗೆಗೆ ಕೂರಿಸುತ್ತದೆ. ಇಷ್ಟೂ ಕೆಲಸ ಕಣ್ಣು ಮಿಟುಕಿಸುವ ಮೊದಲೇ ಮುಗಿದಿರುತ್ತದೆ. ಅಮೆರಿಕದ ಜಾನ್ ಬ್ರೌನಿಂಗ್ ಅನ್ನುವವರು ರೂಪಿಸಿ, ಬೆಲ್ಜಿಯಂನ ಎಫ್‌ಎನ್ ಕಂಪನಿ ತಯಾರಿಸಿದ 1900ರ ಮಾದರಿಯೇ ಸ್ಲೈಡ್ ಇರುವ, ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ಪಿಸ್ತೂಲ್. ಅದರ ತೋಟೆ .32. ಈ .32 ಅನ್ನೋದು ನೆನಪಿರಲಿ, ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ.

ಈಗ ಆ ರೀಲ್ಸಿಗೆ ಬರುವ. ಅವರು ಆಡೋದು ಪ್ರಾಕ್ಟಿಕಲ್ ಶೂಟಿಂಗ್ ಅನ್ನುವ ಆಟ. ಅದರ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ, 1976ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದ್ದು. ಅಲ್ಲಿ ನಿಂತಲ್ಲೇ ನಿಂತು ಹೊಡೆಯೋದಿಲ್ಲ. ಓಡಬೇಕು, ಬಗ್ಗಬೇಕು, ಗೋಡೆ ಮರೆಯಿಂದ ಇಣುಕಿ ಹೊಡೀಬೇಕು. ಸಿಕ್ಕಿದ ಅಂಕವನ್ನು ತಗೊಂಡ ಸೆಕೆಂಡುಗಳಿಂದ ಭಾಗಿಸ್ತಾರೆ. ಹಾಗಾಗಿ ಅಲ್ಲಿ ಕಾಲು ಸೆಕೆಂಡಿಗೂ ಬೆಲೆ ಇದೆ.

ಕಾಲು ಸೆಕೆಂಡು ಉಳಿಸಲಿಕ್ಕೆ ಅವರು ಸ್ಲೈಡಿಗೆ ಕೈ ಹಾಕ್ತಾರೆ. ಅಲ್ಲಲ್ಲಿ ಉಕ್ಕು ಕೊರೆದು ತೆಗೆದು ಹಗುರ ಮಾಡ್ತಾರೆ. ಹಿಂದೆ ಮುಂದೆ ಓಡುವ ತೂಕ ಕಡಿಮೆಯಾದರೆ ಪಿಸ್ತೂಲಿನ ಮೂತಿ ಕುಲುಕುವುದು ಕಡಿಮೆ, ಮುಂದಿನ ಗುಂಡಿಗೆ ಗುರಿ ಬೇಗ ಸಿಗುತ್ತದೆ ಅನ್ನುವ ಲೆಕ್ಕ. ಕೆಲವರು ಮೇಲ್ಭಾಗದಲ್ಲಿ ಚಪ್ಪಟೆ ಜಾಗ ಮಾಡಿ ರೆಡ್ ಡಾಟ್ ಕೂರಿಸ್ತಾರೆ. ಆದರೆ ಅಲ್ಲೂ ಎಲ್ಲರಿಗೂ ಎಲ್ಲದಕ್ಕೂ ಬಿಟ್ಟಿಲ್ಲ. ಓಪನ್ ಅಂತ ಒಂದು ವಿಭಾಗ, ಅಲ್ಲಿ ಬದಲಾವಣೆಗೆ ಧಾರಾಳ ಅವಕಾಶ. ಪ್ರೊಡಕ್ಷನ್ ಅಂತ ಇನ್ನೊಂದು, ಅಲ್ಲಿ ಕಂಪನಿಯಿಂದ ಹೇಗೆ ಬಂತೋ ಹೆಚ್ಚುಕಮ್ಮಿ ಹಾಗೇ ಇರಬೇಕು. ನಮ್ಮ ಶಾಲೆ ಕಬಡ್ಡಿಯಲ್ಲಿ ಕೆಜಿ ಲೆಕ್ಕದಲ್ಲಿ ಟೀಮ್ ಮಾಡ್ತಿದ್ದರಲ್ಲ, ಆ ಥರ.

ಇದು ರೀಲ್ಸಿನ ಲೋಕ. ಈಗ ನಮ್ಮ ಲೋಕ.

ನನ್ನ ಮಾವನ ಮನೆ ಬೈಂದೂರು ತಾಲೂಕಿನ ಗುಡ್ಡದ ಸೆರಗಿನಲ್ಲಿ. ಅಡಿಕೆ, ತೆಂಗು, ಸ್ವಲ್ಪ ಗದ್ದೆ. ಹಂದಿ ಬಂದು ಗದ್ದೆ ಮಗುಚಿ ಹಾಕ್ತದೆ, ಮಂಗ ಬಂದು ಎಳನೀರು ಕುಡಿದು ಬೊಂಡ ಎಸೀತದೆ. ಆ ಕಡೆ ಎಷ್ಟೋ ಮನೆಗಳಲ್ಲಿ ಬೆಳೆ ಕಾಯಲಿಕ್ಕೆ ಅಂತ ಲೈಸೆನ್ಸ್ ಇರುವ ಕೋವಿ ಇದೆ: ಕೇಪಿನ ಕೋವಿ, ಒಂಟಿ ನಳಿಗೆ, ಜೋಡು ನಳಿಗೆ. ಎಲೆಕ್ಷನ್ ಘೋಷಣೆ ಆದ ಕೂಡಲೇ ಅದನ್ನು ಗೋಣಿಯಲ್ಲಿ ಸುತ್ತಿ ಸ್ಟೇಷನ್ನಿಗೆ ಒಪ್ಪಿಸಿ ರಶೀದಿ ತರುವುದು, ಮುಗಿದ ಮೇಲೆ ಹೋಗಿ ವಾಪಸ್ ತರುವುದು. ನಮ್ಮ ಕಡೆಯವರಿಗೆ ಇದು ಪಂಚಾಂಗದಷ್ಟೇ ಪರಿಚಯ. ಮಾವನ ಹತ್ತಿರ ಕೋವಿಯ ಜೊತೆಗೆ ಒಂದು .32 ಪಿಸ್ತೂಲೂ ಉಂಟು. ಹಿಂದೆ ವ್ಯಾಪಾರದ ನಗದು ಹಿಡ್ಕೊಂಡು ರಾತ್ರಿ ಓಡಾಡ್ತಿದ್ದ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ್ದು. ಈಗ ಅದು ಕಪಾಟಿನೊಳಗೆ, ಬೀಗದೊಳಗೆ. ವರ್ಷಕ್ಕೆ ನಾಲ್ಕು ಸಲ ಎಣ್ಣೆ ಹಚ್ಚುವುದು ಬಿಟ್ಟರೆ ಬೇರೆ ಕೆಲಸ ಇಲ್ಲ.

ಬಾವ ದುಬೈಯಲ್ಲಿ ಇದ್ದವನು. ಅಲ್ಲಿ ಒಂದು ರೇಂಜಿಗೆ ದುಡ್ಡು ಕೊಟ್ಟು ಹೋಗಿ ರೆಡ್ ಡಾಟ್ ಇರುವ 9 ಎಂಎಂ ಪಿಸ್ತೂಲಲ್ಲಿ ಐವತ್ತು ಗುಂಡು ಹೊಡೆದು ಬಂದಿದ್ದ. ಊರಿಗೆ ಬಂದ ಮೇಲೆ ತಲೆಯಲ್ಲಿ ಅದೇ. "ಅಪ್ಪಯ್ಯಂದ್ ಸುಮ್ನೆ ಬಿದ್ಕಂಡಿತ್ತಲ್ದಾ ಮರಾಯ. ಸ್ಲೈಡ್ ಒಂಚೂರ್ ಕೊಯ್ಸಿ ಹಗುರ ಮಾಡ್ರೆ ಕಾಂಪಿಟಿಷನ್ನಿಗ್ ಆತ್ತ್" ಅಂತ. ನಾನು ಆಗ ಏರ್ ಪಿಸ್ತೂಲ್ ಶೂಟಿಂಗ್ ಕಲಿತು ಎರಡು ವರ್ಷ ಆಗಿತ್ತು. ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ ಮಾಡುವಾಗ ಸಂಜೆ ಸಂಜೆ ಒಂದು ಖಾಸಗಿ ರೇಂಜಿಗೆ ಹೋಗಿ ಹಚ್ಚಿಕೊಂಡ ಚಟ. ಹಾಗಾಗಿ ಬಾವನ ಲೆಕ್ಕದಲ್ಲಿ ನಾನು ಎಕ್ಸ್‌ಪರ್ಟ್. ನಿಜ ಹೇಳ್ತೇನೆ, ನಂಗೂ ಆಸೆ ಆಯ್ತು. "ಕೇಳಿ ನೋಡುವ" ಅಂದೆ. ಆ ತಪ್ಪು ನನ್ನದೇ.

ಪುಣ್ಯಕ್ಕೆ ಪಿಸ್ತೂಲು ತಗೊಂಡು ಹೋಗಲಿಲ್ಲ. ಫೋನಲ್ಲಿ ಫೋಟೋ ಮಾತ್ರ, ಮೇಲೆ ಬಾವ ಕೆಂಪು ಗೆರೆ ಎಳೆದ ಸ್ಕ್ರೀನ್‌ಶಾಟ್. ಲೇತ್ ಅಂಗಡಿಯವರು ಗಂಗೊಳ್ಳಿ ಬೋಟುಗಳ ಶಾಫ್ಟ್, ಬುಶ್ ಎಲ್ಲ ಮಾಡಿಕೊಡುವವರು. ಅರವತ್ತು ದಾಟಿದವರು. ಕನ್ನಡಕ ಮೇಲೆತ್ತಿ ಫೋನ್ ನೋಡಿದರು. ಮೆಷಿನ್ ಆಫ್ ಮಾಡಿದರು. ಆಮೇಲೆ ಮಾತಾಡಿದರು.

"ಹ್ವಾಯ್, ಇದ್ ಎಂತ ಸಾಮಾನ್ ಅಂದೇಳಿ ನಂಗ್ ಗೊತ್ತಿತ್ತ್. ನಾ ಮಾಡುದಿಲ್ಲೆ. ನೀವು ಬೇರೆ ಕಡಿಗೂ ಹೋಯ್ಬೇಡಿ. ಬೋಟಿನ್ ಶಾಫ್ಟ್ ಹಾಳಾರೆ ಬೋಟ್ ನಿಲ್ಲತ್ತ್. ಇದ್ ಹಾಳಾರೆ ಕೈ ಹೋತ್ತ್. ನಿಮ್ ಅಪ್ಪಯ್ಯಂಗ್ ಗೊತ್ತಿತ್ತಾ?"

ಬಾವ ಮಾತಾಡಲಿಲ್ಲ. ಶಾಸ್ತ್ರಿ ಸರ್ಕಲ್‌ವರೆಗೆ ನಡ್ಕೊಂಡು ಬಂದು ಒಂದೊಂದು ಚಾ ಕುಡಿದೆವು. ಅವನಿಗೆ ಅವಮಾನ. ನನಗೆ ಯಾಕೋ ತಣ್ಣಗೆ ಬೆವರು. ಆ ರಾತ್ರಿ ಕೂತು ಓದಿದೆ. ಓದಿದ್ದು ಮೂರು ವಿಷಯ. ಅದನ್ನು ಹೇಳ್ತೇನೆ, ಕೇಳಿ.

ಮೊದಲನೇದು, ಲೇತ್‌ನವರು ಹೇಳಿದ "ಕೈ ಹೋತ್ತ್" ಅನ್ನುವ ಮಾತು. ಅದು ಹೆದರಿಸಲಿಕ್ಕೆ ಹೇಳಿದ್ದಲ್ಲ.

ರೀಲ್ಸಲ್ಲಿ ಕಾಣುವ 9 ಎಂಎಂ ಪಿಸ್ತೂಲುಗಳಲ್ಲಿ ಗುಂಡು ಹಾರುವ ಹೊತ್ತಿಗೆ ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಗುಂಡು ಹೊರಗೆ ಹೋಗಿ ಒತ್ತಡ ಇಳಿದ ಮೇಲಷ್ಟೇ ಬಿಡಿಸಿಕೊಳ್ಳುತ್ತವೆ. ಆದರೆ .32 ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಆ ಕೊಂಡಿಯೇ ಇಲ್ಲ. ಬೆಂಕಿ ಹತ್ತಿದ ತೋಟೆಯನ್ನು ಹಿಂದಿನಿಂದ ಒತ್ತಿ ಹಿಡಿಯುವುದು ಎರಡೇ: ಸ್ಪ್ರಿಂಗ್ ಮತ್ತು ಸ್ಲೈಡಿನ ತೂಕ. ಅಂದರೆ ಆ ತೂಕವೇ ಬಾಗಿಲ ಅಗುಳಿ. ಬಾವ ಕೊಯ್ಸಬೇಕು ಅಂತಿದ್ದದ್ದು ಅಗುಳಿಯನ್ನೇ.

ಬಿಕಾಂ ಓದಿದವನು ನಾನು, ಲೆಕ್ಕ ಹಾಕದೆ ಸಮಾಧಾನ ಆಗೋದಿಲ್ಲ. .32ರ ಗುಂಡು ಸುಮಾರು 4.6 ಗ್ರಾಂ. ಅದು ಸೆಕೆಂಡಿಗೆ 270 ಮೀಟರ್ ವೇಗದಲ್ಲಿ ಹೋಗ್ತದೆ ಅಂತ ಇಟ್ಕೊಳ್ಳಿ. ಗುಂಡು ಮುಂದಕ್ಕೆ ಹೋದಷ್ಟೇ ಬಲವಾಗಿ ಸ್ಲೈಡ್ ಹಿಂದಕ್ಕೆ ಬರಬೇಕು, ಪಿಯುಸಿಯಲ್ಲಿ ಓದಿದ ನ್ಯೂಟನ್ ನಿಯಮ. ಲೆಕ್ಕಕ್ಕೆ ಸ್ಲೈಡ್ 250 ಗ್ರಾಂ ಅಂತ ಹಿಡಿದರೆ ಅದು ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದರಲ್ಲಿ 50 ಗ್ರಾಂ ಕೊಯ್ದು 200 ಮಾಡಿದರೆ? ವೇಗ 6.2 ಮೀಟರ್. ಹಿಂದಕ್ಕೆ ಬಂದು ಗುದ್ದುವ ಶಕ್ತಿ ನೂರಕ್ಕೆ 25ರಷ್ಟು ಜಾಸ್ತಿ. ತೂಕ ಕಡಿಮೆ ಮಾಡಿದೆವು, ಗುದ್ದು ಹೆಚ್ಚಾಯ್ತು. ಅದಕ್ಕಿಂತ ದೊಡ್ಡ ಅಪಾಯ ಏನಂದರೆ ಒತ್ತಡ ಇಳಿಯುವ ಮೊದಲೇ ಹಿಂಬಾಗಿಲು ತೆರೆದುಕೊಳ್ಳಬಹುದು. ತೆಳುವಾದ ಹಿತ್ತಾಳೆ ತೋಟೆ ಹಿಡಿದವನ ಮುಖದ ಕಡೆಗೇ ಸಿಡಿಯಬಹುದು. ಹೊರದೇಶದಲ್ಲಿ ಈ ಕೆಲಸ ಮಾಡುವವರು ಸ್ಪ್ರಿಂಗ್, ತೋಟೆ, ಸ್ಲೈಡ್ ಮೂರನ್ನೂ ಒಟ್ಟಿಗೆ ತೂಗಿಸಿ ಮಾಡ್ತಾರೆ, ಅದೂ ಆ ಕೆಲಸಕ್ಕೆ ಅಂತಲೇ ಮಾಡಿದ ಪಿಸ್ತೂಲಲ್ಲಿ. ಮಾವನ ಕಪಾಟಿನದ್ದು ಅದಲ್ಲ.

ಎರಡನೇದು ಕಾನೂನು. ಇದು ಒಂಚೂರು ಗಟ್ಟಿ ಕೇಳಿ.

ನಮ್ಮಲ್ಲಿ ಇರೋದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕೆ ಮಾತ್ರ ಅಲ್ಲ, ಮಾರುವುದಕ್ಕೆ, ಪರಿವರ್ತಿಸುವುದಕ್ಕೆ, ರಿಪೇರಿ ಮಾಡುವುದಕ್ಕೆ, ಪರೀಕ್ಷೆ ಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ಬಂದೂಕು ಅಂದರೆ ಅದರ ಬಿಡಿಭಾಗಗಳೂ ಸೇರಿದವು. 2019ರಲ್ಲಿ ತಿದ್ದುಪಡಿ ಆಯ್ತು. ಈ ಸೆಕ್ಷನ್ ಮೀರಿದರೆ ಈಗ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಮುಂಚೆ ಕನಿಷ್ಠ 3 ವರ್ಷ ಇತ್ತು.

ಈಗ ಆ ಲೇತ್ ಅಂಗಡಿಯನ್ನು ನೆನಪು ಮಾಡ್ಕೊಳ್ಳಿ. ನಮ್ಮ ಎರಡು ಗಂಟೆಯ ಶೋಕಿಗೆ ಆ ಹಿರಿಯರು ಏಳು ವರ್ಷ ಒಳಗೆ ಕೂರಬೇಕಿತ್ತು. ಪಿಸ್ತೂಲಿನ ಲೈಸೆನ್ಸ್ ಇರೋದು ಮಾವನ ಹೆಸರಲ್ಲಿ. ಬಾವ ಅದನ್ನು ಚೀಲದಲ್ಲಿ ಹಾಕ್ಕೊಂಡು ಕುಂದಾಪುರಕ್ಕೆ ಬಂದಿದ್ದರೆ ಅದೇ ಒಂದು ಕೇಸ್. ಮಾವನ ಲೈಸೆನ್ಸ್ ಹೋಗ್ತಿತ್ತು, ಅದರ ಜೊತೆ ಗದ್ದೆ ಕಾಯುವ ಕೋವಿಯೂ ಹೋಗ್ತಿತ್ತು. ನಾನು? ಜೊತೆಗೆ ಹೋದ ಎಕ್ಸ್‌ಪರ್ಟ್.

ಇನ್ನು ಆ 9 ಎಂಎಂ. ಅದು ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸಿಗೆ ಸಿಗೋದಿಲ್ಲ. ನಮ್ಮ ಸರ್ಕಾರಿ ಆರ್ಡ್ನೆನ್ಸ್ ಫ್ಯಾಕ್ಟರಿಗಳು ಜನಸಾಮಾನ್ಯರಿಗೆ ಅಂತ ಮಾಡುವ ಅಶನಿ ಪಿಸ್ತೂಲ್ .32ರದ್ದಾಗಿರೋದು ಅದಕ್ಕೇ. ಹಾಗಾಗಿ ರೀಲ್ಸಲ್ಲಿ ಕಂಡದ್ದನ್ನು ಹಾಗೇ ಇಲ್ಲಿ ತಂದಿಡಲಿಕ್ಕೆ ಆಗೋದಿಲ್ಲ. "ಕೊಡಗಿನವರಿಗೆ ಲೈಸೆನ್ಸೇ ಬೇಡ ಅಂಬ್ರಲ್ಲ" ಅಂತ ಯಾರಾದರೂ ಕೇಳೇ ಕೇಳ್ತೀರಿ. ಕೋವಿ ಇಟ್ಕೊಳ್ಳಲಿಕ್ಕೆ ಅವರಿಗೆ ಹಿಂದಿನಿಂದ ಬಂದ ವಿನಾಯಿತಿ ಉಂಟು, ನಿಜ. ಅದು ಕೊಯ್ದು ಬೆಸೆಯಲಿಕ್ಕೆ ಕೊಟ್ಟ ವಿನಾಯಿತಿ ಅಲ್ಲ.

ಮೂರನೇದು ನನ್ನ ಕಣ್ಣು ತೆರೆಸಿದ್ದು. ಒಲಿಂಪಿಕ್ಸ್ ಪಿಸ್ತೂಲುಗಳಲ್ಲಿ ಆ ಥರದ ಸ್ಲೈಡೇ ಇಲ್ಲ!

25 ಮೀಟರ್ ಸ್ಪರ್ಧೆಯ .22 ಪಿಸ್ತೂಲ್ ನೋಡಿ. ನಳಿಗೆ ಕದಲದ ಹಾಗೆ ಬಿಗಿದಿರುತ್ತದೆ, ಗುರಿ ನೋಡುವ ಸೈಟೂ ಕದಲೋದಿಲ್ಲ. ಹಿಂದೆ ಒಂದು ಸಣ್ಣ ಬೋಲ್ಟ್ ಮಾತ್ರ ಹಿಂದೆ ಮುಂದೆ ಓಡುತ್ತದೆ. ಸ್ಲೈಡಿನ ಕುಲುಕಾಟ ಗುರಿಗೆ ತೊಂದರೆ ಅಂತ ಗೊತ್ತಿದ್ದವರು ಸ್ಲೈಡನ್ನೇ ಬಿಟ್ಟು ಬೇರೆ ದಾರಿ ಹಿಡಿದರು. ನಾನು ಆಡುವ 10 ಮೀಟರ್ ಏರ್ ಪಿಸ್ತೂಲಲ್ಲಂತೂ ಗಾಳಿಯ ಒತ್ತಡ ಮಾತ್ರ. ಒಂದು ಪೆಲೆಟ್ ಹಾಕು, ಹೊಡೆ, ಇನ್ನೊಂದು ಹಾಕು. 75 ನಿಮಿಷದಲ್ಲಿ 60. ರೆಡ್ ಡಾಟ್ ಹಾಕೋ ಹಾಗಿಲ್ಲ, ತೆರೆದ ಸೈಟೇ ಬಳಸಬೇಕು. ಒಂದೇ ಕೈಯಲ್ಲಿ ಹಿಡೀಬೇಕು.

ಹಾಗಾದರೆ ಇಲ್ಲಿ ಬದಲಾವಣೆ ಮಾಡ್ಕೊಳ್ಳಲಿಕ್ಕೆ ಏನೂ ಇಲ್ಲವಾ? ಉಂಟು, ಬೇಕಾದಷ್ಟು. ಆದರೆ ಪ್ರತಿಯೊಂದಕ್ಕೂ ಅಳತೆ ಉಂಟು. ಏರ್ ಪಿಸ್ತೂಲಿನ ಒಟ್ಟು ತೂಕ 1500 ಗ್ರಾಂ ಮೀರಬಾರದು. 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಪೂರ್ತಿ ಕೂರಬೇಕು. ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೀಬೇಕು. ಈ 500 ಗ್ರಾಮಿನಲ್ಲೇ ನಾನು ಬಿದ್ದದ್ದು.

ಹೇಳಿಬಿಡ್ತೇನೆ. ಬಾವನಿಗೆ ಬುದ್ಧಿ ಹೇಳುವವನು ನಾನು ಎಂತ ಮಾಡಿದ್ದೆ ಅಂತ ನಿಮಗೂ ಗೊತ್ತಿರಲಿ. ಒಂದು ಮ್ಯಾಚಿಗೆ ಒಂದು ವಾರ ಇರುವಾಗ ಟ್ರಿಗರ್ ಇನ್ನೊಂಚೂರು ಹಗುರ ಆದರೆ ಚಂದ ಅನ್ನಿಸ್ತು. ಸ್ಕ್ರೂ ತಿರುಗಿಸಿದೆ. ತೂಕ ನೋಡಲಿಕ್ಕೆ ಸರಿಯಾದ ಬಟ್ಟು ನನ್ನ ಹತ್ತಿರ ಇರಲಿಲ್ಲ. ಮನೆಯಲ್ಲಿ ಮೀನು ತೂಗುವ ಡಿಜಿಟಲ್ ಕೊಕ್ಕೆ ಇತ್ತು. ಬಂಗುಡೆ ತೂಗುವ ಕೊಕ್ಕೆಯಲ್ಲಿ ಟ್ರಿಗರ್ ಎಳೆದು ನೋಡಿದೆ, 505 ಬಂತು. ಸಾಕು ಅಂದ್ಕೊಂಡೆ.

ಮ್ಯಾಚಿನ ಮುಂಚಿನ ತಪಾಸಣೆಯಲ್ಲಿ ಹೇಗೋ ಪಾಸಾಯ್ತು. ಅವತ್ತು ನನ್ನ ಕೈ ಬಹಳ ಚಂದ ನಿಂತಿತ್ತು. ಅರವತ್ತು ಹೊಡೆದು ಮುಗಿಸಿದಾಗ ನನ್ನ ಜೀವನದ ಒಳ್ಳೆ ಸ್ಕೋರ್, 552. ದೊಡ್ಡ ಸ್ಕೋರ್ ಅಲ್ಲ, ಆದರೆ ನನಗೆ ದೊಡ್ಡದು. ಮ್ಯಾಚ್ ಮುಗಿದ ಮೇಲೆ ಕೆಲವರನ್ನು ಚೀಟಿ ಎತ್ತಿ ಮತ್ತೆ ಟ್ರಿಗರ್ ತಪಾಸಣೆಗೆ ಕರೀತಾರೆ. ನನ್ನ ಹೆಸರು ಬಂತು. ಪಿಸ್ತೂಲನ್ನು ನೆಟ್ಟಗೆ ಹಿಡಿದು ಟ್ರಿಗರಿಗೆ 500 ಗ್ರಾಂ ಬಟ್ಟನ್ನು ಸಿಕ್ಕಿಸಿ ಎತ್ತುತ್ತಾರೆ. ಬಟ್ಟು ಮೇಲೆದ್ದು ನಿಂತರೆ ಪಾಸ್, ಟ್ರಿಗರ್ ಬಿಟ್ಟರೆ ಫೇಲ್. ಮೂರು ಅವಕಾಶ. ಮೊದಲ ಸಲ ಬಿಟ್ಟಿತು. ಎರಡನೇ ಸಲ ಬಿಟ್ಟಿತು. ಮೂರನೇ ಸಲ ಉಸಿರು ಹಿಡಿದು ನೋಡಿದೆ, ಟಕ್ ಅಂತು.

ಅನರ್ಹ. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ 552 ಇದ್ದ ಜಾಗದಲ್ಲಿ ಮೂರು ಇಂಗ್ಲಿಷ್ ಅಕ್ಷರ. ಅಧಿಕಾರಿಯದ್ದು ತಪ್ಪಿಲ್ಲ, ಅವರು ಪಾಪ "ಸಾರಿ ಮಗ" ಅಂದರು. ಕೊಕ್ಕೆಯದ್ದೂ ತಪ್ಪಿಲ್ಲ, ಅದು ಬಂಗುಡೆಗೆ ಮಾಡಿದ್ದು. ರಾತ್ರಿ ಬಸ್ಸಲ್ಲಿ ಊರಿಗೆ ಬರುವಾಗ ಬೆಂಗಳೂರಿಂದ ಶಿರಾಡಿ ಇಳಿಯುವ ತನಕ ನಿದ್ದೆ ಬರಲಿಲ್ಲ.

ಯಂತ್ರ ಕೈಕೊಟ್ಟರೆ ಎಂಥವರಿಗೂ ಏನಾಗ್ತದೆ ಅನ್ನೋದಕ್ಕೆ ದೇಶ ಕಂಡ ಉದಾಹರಣೆ ಮನು ಭಾಕರ್. 2021ರ ಜುಲೈ 25, ಟೋಕಿಯೊ ಒಲಿಂಪಿಕ್ಸ್. 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಅವರ ಪಿಸ್ತೂಲ್ ಕೆಟ್ಟಿತು. ಸರಿ ಮಾಡಿಸಿಕೊಂಡು ವಾಪಸ್ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋಗಿದ್ದವು. ಆದರೂ 575 ಹೊಡೆದರು. ಫೈನಲಿಗೆ ಬೇಕಿದ್ದದ್ದು 577. ಎರಡೇ ಅಂಕ. 12ನೇ ಸ್ಥಾನ. ಅವರು ಮಾಡಿದ್ದು ನನ್ನ ಹಾಗೆ ತಪ್ಪಲ್ಲ, ಯಂತ್ರ ಕೈಕೊಟ್ಟದ್ದು. ಮೂರು ವರ್ಷ ಆದ ಮೇಲೆ, 2024ರ ಜುಲೈ 28ಕ್ಕೆ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು, ಎರಡು ದಿನ ಬಿಟ್ಟು ಸರಬ್ಜೋತ್ ಸಿಂಗ್ ಜೊತೆ ಇನ್ನೊಂದು ಕಂಚು. ಅದೆಲ್ಲ ನಿಮಗೆ ಗೊತ್ತೇ ಇದೆ.

ನಮ್ಮ ಕರ್ನಾಟಕದವರದ್ದು ಹೇಳ್ತೇನೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಬಿಟ್ಟು ಬಂದು ಶೂಟಿಂಗ್ ಹಿಡಿದರು. 2013ರಲ್ಲಿ ಸ್ಪೇನ್‌ನ ಗ್ರನಾಡಾದಲ್ಲಿ ವಿಶ್ವಕಪ್‌ಗೆ ಹೋಗಿದ್ದಾಗ ಬೆಲ್ಸ್ ಪಾಲ್ಸಿ ಆಗಿ ಮುಖದ ಒಂದು ಭಾಗ ಮರಗಟ್ಟಿತು. ಗುರಿ ಹಿಡಿಯುವವನಿಗೆ ಕಣ್ಣ ಸುತ್ತಲಿನ ಸ್ನಾಯುವೇ ಮಾತು ಕೇಳದಿದ್ದರೆ ಏನು ಗತಿ? ಮರುವರ್ಷ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಅವರು 50 ಮೀಟರ್ ಪಿಸ್ತೂಲಲ್ಲಿ ಬೆಳ್ಳಿ ಗೆದ್ದರು. 2016ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು. ಹಾಗೇ ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಜೊತೆ ಮಿಶ್ರ ತಂಡದ ಚಿನ್ನ, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ. ಇವರ್ಯಾರೂ ಸ್ಲೈಡ್ ಕೊಯ್ದು ಗೆದ್ದವರಲ್ಲ.

ಹಾಗಾದರೆ ಕೈ ಹಾಕಬೇಕಾದ್ದು ಎಲ್ಲಿಗೆ? ಹಿಡಿಗೆ. ಅಂದರೆ ಗ್ರಿಪ್ಪಿಗೆ.

ಮ್ಯಾಚ್ ಪಿಸ್ತೂಲಿನ ಹಿಡಿ ಸಾಮಾನ್ಯವಾಗಿ ಮರದ್ದು, ಹೆಚ್ಚಾಗಿ ವಾಲ್‌ನಟ್. ಸಣ್ಣ, ಮಧ್ಯಮ, ದೊಡ್ಡ ಅಂತ ಸೈಜಲ್ಲಿ ಬರುತ್ತದೆ, ಚಪ್ಪಲಿ ಥರ. ಆದರೆ ನಿಮ್ಮ ಅಂಗೈ ಯಾವ ಸೈಜಿನ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಅರ ಹಾಕಿ ಉಜ್ಜುವುದು, ಬೇಕಾದಲ್ಲಿ ಮರದ ಪುಟ್ಟಿ ಮೆತ್ತಿ ತುಂಬುವುದು ನಿಯಮದೊಳಗೇ ಇರುವ ಕೆಲಸ. ಮಣಿಕಟ್ಟಿಗೆ ಆಸರೆ ಕೊಡುವ ಹಾಗೆ ಮಾಡಬಾರದು, ಪೆಟ್ಟಿಗೆಯ ಅಳತೆ ಮೀರಬಾರದು, ಅಷ್ಟೇ.

ಇದು ಯಾಕೆ ಮುಖ್ಯ ಅಂತ ಇನ್ನೊಂದು ಲೆಕ್ಕ. ಪಿಸ್ತೂಲಿನ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಸುಮಾರು 33 ಸೆಂಟಿಮೀಟರ್ ಅಂತ ಇಟ್ಕೊಳ್ಳಿ. ಹಿಡಿ ಸರಿ ಕೂರದೆ ಮಣಿಕಟ್ಟು ಚೂರು ತಿರುಗಿ ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋಯ್ತು. 10 ಮೀಟರ್ ದೂರದ ಗುರಿಯಲ್ಲಿ ಪೆಲೆಟ್ ಎಷ್ಟು ಪಕ್ಕಕ್ಕೆ ಬೀಳ್ತದೆ? ಸುಮಾರು 30 ಮಿಲಿಮೀಟರ್. ಹತ್ತರ ವೃತ್ತದ ಅಗಲವೇ 11.5 ಮಿಲಿಮೀಟರ್. ಅಂದರೆ ಹತ್ತು ಆಗಬೇಕಿದ್ದ ಹೊಡೆತ ಏಳು. ಒಂದು ಮಿಲಿಮೀಟರಿಗೆ ಮೂರು ಅಂಕ! ನಾನು ಟ್ರಿಗರಿಂದ ಕದಿಯಲಿಕ್ಕೆ ಹೋದದ್ದು ಹತ್ತೋ ಹದಿನೈದೋ ಗ್ರಾಂ.

ಅನರ್ಹ ಆಗಿ ಬಂದ ಮೇಲೆ ನಾನು ಹೋದದ್ದು ನಮ್ಮೂರಿನ ಆಚಾರ್ರ ಹತ್ತಿರ. ಬಾಗಿಲು, ಕಿಟಕಿ, ದೇವರ ಮಂಟಪ ಮಾಡುವವರು. ಪಿಸ್ತೂಲ್ ತಗೊಂಡು ಹೋಗಲಿಲ್ಲ, ಹಿಡಿ ಮಾತ್ರ ಬಿಚ್ಚಿ ತಗೊಂಡು ಹೋದೆ. ಅವರು ನನ್ನ ಕೈಗೆ ಚಾಕ್ ಪುಡಿ ಹಚ್ಚಿ ಹಿಡಿಯನ್ನು ಹಿಡಿಸಿದರು. ಎಲ್ಲಿ ಬಿಳಿ ಅಂಟಿತು ಅಲ್ಲಿ ಒತ್ತುತ್ತದೆ, ಎಲ್ಲಿ ಅಂಟಲಿಲ್ಲ ಅಲ್ಲಿ ಟೊಳ್ಳು. "ಮರ ತೆಗಿಯುದ್ ಸುಲಭ, ವಾಪಸ್ ಹಾಕುಕ್ ಆತಿಲ್ಲೆ. ಒಂದಿನಕ್ ಒಂಚೂರೇ" ಅಂದರು. ದಿನಾ ಸಂಜೆ ಎರಡು ಅರ, ಮನೆಗೆ ಬಂದು ಪರೀಕ್ಷೆ. ಪರೀಕ್ಷೆ ಹೇಗಂದರೆ, ಖಾಲಿ ಏರ್ ಪಿಸ್ತೂಲ್ ಹಿಡಿದು ಕಣ್ಣು ಮುಚ್ಚಿ ಕೈ ಎತ್ತಬೇಕು. ಕೈ ನಿಂತ ಮೇಲೆ ಕಣ್ಣು ತೆರೆದರೆ ಮುಂದಿನ ಸೈಟ್ ಹಿಂದಿನ ಸೈಟಿನ ನಡುವೆ ಸರಿಯಾಗಿ ಕೂತಿರಬೇಕು. ಎಡಕ್ಕೆ ಬಲಕ್ಕೆ ಹೋಗಿದ್ದರೆ ಹಿಡಿ ಇನ್ನೂ ಸರಿ ಇಲ್ಲ ಅಂತ. ಹದಿನೆಂಟನೇ ದಿನ ಕಣ್ಣು ತೆರೆದಾಗ ಸೈಟ್ ನಟ್ಟನಡುವೆ ಇತ್ತು. ಅಬ್ಬಿಯನ್ನು ಕರೆದು ತೋರಿಸಿದೆ. "ಎಂತ ಕಾಣುದ್ ಅದ್ರಲ್ಲಿ?" ಅಂದಳು.

ಖರ್ಚು? ಆಚಾರ್ರು ದುಡ್ಡು ತಗೊಳ್ಳಲಿಲ್ಲ, ಒಂದು ಗೊನೆ ಬಾಳೆಹಣ್ಣು ಕೊಟ್ಟು ಬಂದೆ. ಬಟ್ಟು ಮಾತ್ರ ಸರಿಯಾದ್ದು ತರಿಸಿದೆ. ಟ್ರಿಗರ್ ಈಗ 520ರ ಮೇಲೆ ಇಟ್ಟಿದ್ದೇನೆ. ಮುಂದಿನ ಮ್ಯಾಚಲ್ಲಿ 548 ಬಂತು. 552ಕ್ಕಿಂತ ಕಡಿಮೆಯೇ. ಆದರೆ ಬೋರ್ಡಿನಲ್ಲಿ ಉಳೀತು.

ಬಾವನ ಕಥೆ ಮುಗಿಸ್ತೇನೆ. ಮಾವನಿಗೆ ನಾವೇ ಹೇಳಿದೆವು. ಬೈತಾರೆ ಅಂದ್ಕೊಂಡಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಲೇತಿನವರ್ ಮನಿ ಎಲ್ಲಿ?" ಅಂತ ಕೇಳಿದರು. ಮಾರನೇ ದಿನ ಎರಡು ತೆಂಗಿನಕಾಯಿ ಹಿಡ್ಕೊಂಡು ಹೋಗಿ ಮಾತಾಡಿಸಿ ಬಂದರು. ಬಾವ ಈಗ ಏರ್ ಪಿಸ್ತೂಲ್ ಕಲೀತಾ ಇದ್ದಾನೆ. ಸದ್ಯಕ್ಕೆ ನನಗಿಂತ ಕಡಿಮೆ ಹೊಡೀತಾನೆ. ಇದನ್ನು ಅವನು ಕೇಳ್ತಾ ಇರ್ತಾನೆ, ಅದಕ್ಕೇ ಹೇಳಿದ್ದು.

ಇನ್ನು ಬ್ರಹ್ಮಾವರದ ಆ ತಮ್ಮನಿಗೆ ಮತ್ತು ಇದೇ ಆಸೆ ಇರುವ ಎಲ್ಲರಿಗೆ ನೇರ ಮಾತು. ಶುರು ಮಾಡೋದಾದರೆ 10 ಮೀಟರಿಂದ ಶುರು ಮಾಡಿ. .177 ಬೋರಿನ, 20 ಜೂಲ್ ಒಳಗಿನ ಏರ್ ಪಿಸ್ತೂಲಿಗೆ ಶಸ್ತ್ರ ಲೈಸೆನ್ಸ್ ಬೇಡ, ಖರೀದಿಸುವಾಗ ಗುರುತಿನ ದಾಖಲೆ ಕೊಡಬೇಕು. ಆದರೆ ಮೊದಲೇ ಖರೀದಿಸಬೇಡಿ. ಒಳ್ಳೆ ಮ್ಯಾಚ್ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಯಾವುದಾದರೂ ಕ್ಲಬ್ಬಿಗೆ ಸೇರಿ, ಅದು ರಾಜ್ಯ ಸಂಸ್ಥೆಗೋ ರಾಷ್ಟ್ರೀಯ ರೈಫಲ್ ಸಂಸ್ಥೆಗೋ ಸೇರಿದ್ದಾ ಅಂತ ಕೇಳಿ, ಅವರ ಪಿಸ್ತೂಲಲ್ಲೇ ಆರು ತಿಂಗಳು ಹೊಡೀರಿ. ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಎಸ್‌ಎಫ್‌ನ ನಿಯಮ ಪುಸ್ತಕ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಅದನ್ನು ಓದಿ. ಮನೆಯಲ್ಲಿ ಹಿರಿಯರ ಕೋವಿ, ಪಿಸ್ತೂಲ್ ಇದ್ದರೆ ಅದು ಅವರ ಹೆಸರಿನದ್ದು, ನಿಮ್ಮ ಆಟದ ಸಾಮಾನಲ್ಲ. ರಿಪೇರಿ ಇದ್ದರೂ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಹೋಗಬೇಕು, ಅದೂ ಲೈಸೆನ್ಸ್ ಹೆಸರಲ್ಲಿರುವವರೇ ತಗೊಂಡು ಹೋಗಬೇಕು.

ನಿಮ್ಮ ಮನೆಯಲ್ಲೂ ಕೋವಿ ಉಂಟಾ, ಎಲೆಕ್ಷನ್ ಹೊತ್ತಿಗೆ ಸ್ಟೇಷನ್ನಿಗೆ ಒಪ್ಪಿಸಿ ಬಂದ ಕಥೆ ಉಂಟಾ? ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಲ ಅದನ್ನೇ ಮಾತಾಡುವ. ಅಪ್ಪಯ್ಯನ ಹತ್ತಿರ ಕೇಳಿ ಕಳಿಸಿ ಮತ್ತೆ, ಕದ್ದು ಫೋಟೋ ತೆಗೆದು ಕಳಿಸಬೇಡಿ!

ಬತ್ತೆ ಅಕಾ. ಹುಷಾರ್.